ರೇಸಿನ ಶಿಸ್ತು ಮತ್ತು ಮನಸ್ಸಿನ ಆರೋಗ್ಯ

ಕುದುರೆ ರೇಸಿಗೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನಮ್ಮ ಉಡುಪಿ ಜಿಲ್ಲೆಯಲ್ಲಿ ರೇಸ್ ಕೋರ್ಸ್ ಇಲ್ಲ. ಇಲ್ಲಿ ಓಡುವುದು ಕಟಪಾಡಿ, ಮಿಯಾರು ಮೊದಲಾದ ಕಡೆಗಳ ಕಂಬಳದ ಕೋಣಗಳು. ಆದರೆ ಈ ಭಾಗದ ಎಷ್ಟೋ ಮನೆಗಳ ಗಂಡಸರು ಬೆಂಗಳೂರು, ಮೈಸೂರು, ಮುಂಬಯಿಗಳ ಹೋಟೆಲುಗಳಲ್ಲೋ ಕಚೇರಿಗಳಲ್ಲೋ ದುಡಿಯುವವರು. ಆ ಮೂರು ಊರುಗಳಲ್ಲೂ ರೇಸ್ ಕೋರ್ಸ್ ಇದೆ. ರಜೆಯ ದಿನ ಗೆಳೆಯರೊಂದಿಗೆ ಒಮ್ಮೆ ಹೋಗಿ ನೋಡಿ ಬಂದು ಸುಮ್ಮನಾದವರು ಬಹಳ ಮಂದಿ. ಆಮೇಲೆ ಪ್ರತಿ ವಾರ ಹೋಗತೊಡಗಿದವರೂ ಇದ್ದಾರೆ. ಈಗಂತೂ ಊರಿನಲ್ಲೇ ಕುಳಿತು ಮೊಬೈಲಿನಲ್ಲಿ ಪಣ ಕಟ್ಟುವ ಅಭ್ಯಾಸ ಹಳ್ಳಿಗಳಿಗೂ ತಲುಪಿದೆ.

ಇಂಥವರು ವೈದ್ಯರ ಬಳಿಗೆ ರೇಸಿನ ವಿಷಯ ಹೇಳಲು ಬರುವುದಿಲ್ಲ. ಎದೆಯುರಿ, ಹೊಟ್ಟೆಯ ಸಂಕಟ, ನಿದ್ರೆ ಬಾರದಿರುವುದು, ಏರಿದ ರಕ್ತದೊತ್ತಡ, ಕಾರಣವಿಲ್ಲದ ಸಿಟ್ಟು, ಇವುಗಳಿಗೆ ಔಷಧ ಕೇಳಿಕೊಂಡು ಬರುತ್ತಾರೆ. ಸಾಮಾನ್ಯ ವೈದ್ಯನೊಬ್ಬ ಸ್ವಲ್ಪ ಸಮಾಧಾನದಿಂದ ಮಾತನಾಡಿಸಿದರೆ ಮಾತ್ರ ಒಳಗಿನ ವಿಷಯ ಹೊರಬೀಳುತ್ತದೆ. ಆಗ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ನಾನು ಎಲ್ಲರ ಹಾಗೆ ಕಣ್ಣು ಮುಚ್ಚಿ ಆಡುವವನಲ್ಲ ಡಾಕ್ಟ್ರೇ. ನನಗೆ ಶಿಸ್ತು ಇದೆ, ಲೆಕ್ಕ ಇದೆ."

ಈ ಮಾತನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ರೇಸಿನಲ್ಲಿ ಕೌಶಲದ ಪಾಲು ಇದೆ ಎಂಬುದು ನಿಜ. ತಮಿಳುನಾಡಿನ ಒಂದು ಪ್ರಕರಣದಲ್ಲಿ 1996ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಕುದುರೆ ರೇಸ್ ಬರಿಯ ಅದೃಷ್ಟದ ಆಟವಲ್ಲ, ಅದರಲ್ಲಿ ಕೌಶಲವೇ ಪ್ರಧಾನ ಎಂದು ಹೇಳಿತು. ಕುದುರೆಯ ತಳಿ, ಹಿಂದಿನ ಓಟಗಳು, ಹೊರುವ ಭಾರ, ಜಾಕಿ, ಓಟದ ದೂರ, ನೆಲದ ಸ್ಥಿತಿ, ಇವನ್ನೆಲ್ಲ ಅಭ್ಯಾಸ ಮಾಡುವವರಿದ್ದಾರೆ. ಆದ್ದರಿಂದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಆ ಶಿಸ್ತು ಎಂದರೆ ಏನು? ಅದು ಯಾರ ಬಳಿ ಇರುತ್ತದೆ? ಮುಖ್ಯವಾಗಿ, ಅದು ಚಟದಿಂದ ಮನುಷ್ಯನನ್ನು ಕಾಪಾಡುತ್ತದೆಯೆ?

ಶಿಸ್ತು ಎಂದರೆ ಏನು?

ರೇಸಿನಲ್ಲಿ ನಿಜವಾಗಿ ಗೆದ್ದ ಬೆರಳೆಣಿಕೆಯ ಜನರ ಕ್ರಮವನ್ನು ನೋಡಿದರೆ ಕೆಲವು ನಿಯಮಗಳು ಸಮಾನವಾಗಿ ಕಾಣುತ್ತವೆ.

1) ಆಟದ ಹಣ ಬೇರೆ, ಮನೆಯ ಹಣ ಬೇರೆ. ಎರಡನ್ನೂ ಅವರು ಒಂದೇ ಜೇಬಿನಲ್ಲಿ ಇಡುವುದಿಲ್ಲ.

2) ಕಟ್ಟಿದ ಪ್ರತಿಯೊಂದು ಪಣವನ್ನೂ, ಗೆದ್ದದ್ದನ್ನೂ ಸೋತದ್ದನ್ನೂ, ಬರೆದಿಡುತ್ತಾರೆ. ವರ್ಷದ ಕೊನೆಗೆ ಕೂಡಿ ಕಳೆದು ನೋಡುತ್ತಾರೆ.

3) ಒಂದು ಓಟಕ್ಕೆ ಬಂಡವಾಳದ ಸಣ್ಣ ಅಂಶವನ್ನು ಮಾತ್ರ ಹೂಡುತ್ತಾರೆ.

4) ಹೆಚ್ಚಿನ ಓಟಗಳಿಗೆ ಹಣ ಹಾಕದೆ ಸುಮ್ಮನೆ ಕುಳಿತಿರುತ್ತಾರೆ.

5) ಸೋತ ದಿನ ಆ ಹಣವನ್ನು ಅಂದೇ ಮರಳಿ ಪಡೆಯಲು ಹೋಗುವುದಿಲ್ಲ.

ಇವುಗಳ ಹಿಂದೆ ಗಣಿತವೂ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಾನ್ ಕೆಲ್ಲಿ ಎಂಬ ವಿಜ್ಞಾನಿ 1956ರಲ್ಲಿ, ಕೈಯಲ್ಲಿರುವ ಬಂಡವಾಳದಲ್ಲಿ ಎಷ್ಟು ಭಾಗವನ್ನು ಪಣಕ್ಕೆ ಇಡಬೇಕು ಎಂಬುದಕ್ಕೆ ಒಂದು ಸೂತ್ರ ಕೊಟ್ಟ. ಅದರ ಸಾರ ಸರಳ. ಉಳಿದವರಿಗಿಂತ ನಿಮ್ಮ ಅಂದಾಜು ಎಷ್ಟು ಉತ್ತಮವೋ ಅದಕ್ಕೆ ತಕ್ಕಷ್ಟು ಹೂಡಬೇಕು. ನಿಮಗೆ ಯಾವ ಮೇಲುಗೈಯೂ ಇಲ್ಲದಿದ್ದರೆ ಹೂಡಬೇಕಾದ ಮೊತ್ತ ಸೊನ್ನೆ. ಸೂತ್ರದ ಮೊದಲ ಭಾಗವನ್ನು ಜನ ನೆನಪಿಟ್ಟುಕೊಳ್ಳುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

1980ರ ದಶಕದಲ್ಲಿ ಹಾಂಗ್‌ಕಾಂಗ್‌ಗೆ ಹೋಗಿ ರೇಸಿನಲ್ಲಿ ಅಪಾರ ಹಣ ಗಳಿಸಿದ ಅಮೆರಿಕದ ಬಿಲ್ ಬೆಂಟರ್‌ನ ಹೆಸರನ್ನು ಕೆಲವರು ಉದಾಹರಣೆಯಾಗಿ ಹೇಳುವುದುಂಟು. ಆತ ಮಾಡಿದ್ದೇನು? ವರ್ಷಗಟ್ಟಲೆಯ ಓಟಗಳ ದಾಖಲೆ ಸಂಗ್ರಹಿಸಿದ, ಅದನ್ನು ಕಂಪ್ಯೂಟರಿಗೆ ಹಾಕಿದ, ಪ್ರತಿ ಕುದುರೆಯ ಗೆಲುವಿನ ಸಾಧ್ಯತೆಯನ್ನು ಲೆಕ್ಕ ಹಾಕುವ ವಿಧಾನ ರೂಪಿಸಿದ. ಆರಂಭದಲ್ಲಿ ಆತನಿಗೂ ನಷ್ಟವೇ ಆಯಿತು. ಅದು ಬಂಡವಾಳ, ನೌಕರರು, ಯಂತ್ರಗಳು ಇದ್ದ ಒಂದು ಉದ್ಯಮವಾಗಿತ್ತು. ಹೋಟೆಲಿನ ಕೆಲಸ ಮುಗಿಸಿ, ಜೇಬಿನಲ್ಲಿ ಸಂಬಳದ ಹಣ ಇಟ್ಟುಕೊಂಡು, ಯಾರೋ ಕೊಟ್ಟ 'ಟಿಪ್ಸ್' ನಂಬಿ ಹೋಗುವವನಿಗೆ ಈ ಉದಾಹರಣೆ ಹೊಂದುವುದಿಲ್ಲ.

ನಮ್ಮ ಕಡೆ ಯಕ್ಷಗಾನ ನೋಡಿದವರಿಗೆಲ್ಲ ನಳನ ಕಥೆ ಗೊತ್ತು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಮುಂದೆ ಋತುಪರ್ಣ ರಾಜನಿಂದ 'ಅಕ್ಷಹೃದಯ' ಎಂಬ ವಿದ್ಯೆ ಕಲಿಯುತ್ತಾನೆ. ಮಹಾಭಾರತದ ಪ್ರಕಾರ ಆ ಋತುಪರ್ಣ ದಾರಿಯಲ್ಲಿ ಕಂಡ ಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ನೋಡಿದ ಮಾತ್ರಕ್ಕೆ ಎಣಿಸಿ ಹೇಳಬಲ್ಲವನು. ಎಂದರೆ ದಾಳದ ವಿದ್ಯೆ ಎಣಿಕೆಯ ವಿದ್ಯೆಯೇ ಎಂದು ನಮ್ಮ ಹಿರಿಯರೂ ತಿಳಿದಿದ್ದರು. ಆದರೆ ಕಥೆಯ ಕ್ರಮವನ್ನು ಗಮನಿಸಿ. ಮೊದಲು ಕಲಿ ನಳನ ಮೈ ಬಿಟ್ಟು ಹೋಗುತ್ತಾನೆ. ಆಮೇಲೆ ನಳ ಆಡಿ ಗೆಲ್ಲುತ್ತಾನೆ. ಗೆದ್ದ ಮೇಲೆ ಆಟ ನಿಲ್ಲಿಸುತ್ತಾನೆ. ಕಲಿ ಒಳಗಿದ್ದಾಗ ಯಾವ ವಿದ್ಯೆಯೂ ಕೆಲಸಕ್ಕೆ ಬರುವುದಿಲ್ಲ.

ಲೆಕ್ಕ ಏನು ಹೇಳುತ್ತದೆ?

ರೇಸ್ ಕೋರ್ಸಿನ 'ಟೋಟ್' ಹೇಗೆ ಕೆಲಸ ಮಾಡುತ್ತದೆ ಎಂಬುದು ಅಲ್ಲಿಗೆ ಹೋಗುವ ಎಷ್ಟೋ ಮಂದಿಗೆ ತಿಳಿದಿಲ್ಲ. ಎಲ್ಲರೂ ಕಟ್ಟಿದ ಹಣ ಮೊದಲು ಒಂದೇ ರಾಶಿಯಾಗುತ್ತದೆ. ಅದರಿಂದ ಕ್ಲಬ್ಬಿನ ಪಾಲನ್ನೂ ತೆರಿಗೆಯನ್ನೂ ತೆಗೆದ ಬಳಿಕ ಉಳಿದದ್ದನ್ನು ಗೆದ್ದವರಿಗೆ ಹಂಚಲಾಗುತ್ತದೆ. ಆದ್ದರಿಂದ ಯಾವ ಕುದುರೆ ಗೆದ್ದರೂ, ಆಡಿದ ಎಲ್ಲರನ್ನೂ ಒಟ್ಟಾಗಿ ನೋಡಿದರೆ ಅವರು ಸೋತೇ ಇರುತ್ತಾರೆ.

ಉದಾಹರಣೆಗೆ, ಈ ಕಡಿತ ಐದರಲ್ಲಿ ಒಂದು ಪಾಲು ಎಂದು ಇಟ್ಟುಕೊಳ್ಳೋಣ. ಒಬ್ಬ 1,000 ರೂಪಾಯಿ ಹಿಡಿದು ಹೋಗಿ, ಪ್ರತಿ ಓಟದಲ್ಲಿ ಕೈಯಲ್ಲಿ ಉಳಿದದ್ದನ್ನೆಲ್ಲ ಮತ್ತೆ ಹೂಡುತ್ತಾನೆ ಎನ್ನೋಣ. ಸರಾಸರಿಯ ಲೆಕ್ಕದಲ್ಲಿ ಮೊದಲ ಓಟದ ನಂತರ 800, ಎರಡನೆಯದರ ನಂತರ 640, ಮೂರನೆಯದಕ್ಕೆ 512. ಆರನೇ ಓಟ ಮುಗಿಯುವಾಗ ಉಳಿಯುವುದು ಸುಮಾರು 262 ರೂಪಾಯಿ. ನಿಜವಾದ ದಿನದಲ್ಲಿ ಒಬ್ಬ ಹೆಚ್ಚು ಗೆಲ್ಲಬಹುದು, ಇನ್ನೊಬ್ಬ ಎಲ್ಲವನ್ನೂ ಕಳೆದುಕೊಳ್ಳಬಹುದು. ಆದರೆ ದೀರ್ಘಕಾಲದಲ್ಲಿ ಸರಾಸರಿ ಎಳೆಯುವುದು ಈ ಕಡೆಗೇ.

ಇದರ ಮೇಲೆ ಸರಕಾರದ ತೆರಿಗೆಯ ಭಾರವೂ ಏರಿದೆ. 2023ರ ಅಕ್ಟೋಬರಿನಿಂದ ಕಟ್ಟುವ ಪೂರ್ತಿ ಮೊತ್ತದ ಮೇಲೆ ಶೇಕಡಾ 28 ಇದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಆಗಿದೆ. ದೊಡ್ಡ ಮೊತ್ತ ಗೆದ್ದರೆ ಅದರ ಮೇಲೆ ಶೇಕಡಾ 30 ಆದಾಯ ತೆರಿಗೆ. ಸೋತ ಹಣವನ್ನು ಅದರಲ್ಲಿ ಕಳೆದು ತೋರಿಸಲು ಸಾಮಾನ್ಯ ಆಟಗಾರನಿಗೆ ಅವಕಾಶವಿಲ್ಲ. ಹೀಗಿರುವಾಗ ಗೆಲ್ಲಬೇಕಾದರೆ ಇತರರಿಗಿಂತ ಸ್ವಲ್ಪ ಜಾಣನಾದರೆ ಸಾಲದು. ಈ ಎಲ್ಲ ಕಡಿತಗಳನ್ನು ದಾಟಿ ನಿಲ್ಲುವಷ್ಟು ಜಾಣನಾಗಿರಬೇಕು. ನಮ್ಮ ಸಂತೆಯಲ್ಲಿ ತರಕಾರಿ ಮಾರುವ ಹೆಂಗಸಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗಾಡಿ ಬಾಡಿಗೆಯೂ ಸುಂಕವೂ ಲಾಭಕ್ಕಿಂತ ಹೆಚ್ಚಾದ ದಿನ ಆಕೆ ಆ ಸಂತೆಗೆ ಹೋಗುವುದಿಲ್ಲ.

ಮನಸ್ಸು ಮಾಡುವ ಮೋಸ

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ ಬುದ್ಧಿವಂತರು ಏಕೆ ಸಿಕ್ಕಿಬೀಳುತ್ತಾರೆ? ಮನಶ್ಶಾಸ್ತ್ರಜ್ಞರು ರೇಸ್ ಕೋರ್ಸಿನಲ್ಲೇ ನಿಂತು ಇದನ್ನು ಅಭ್ಯಾಸ ಮಾಡಿದ್ದಾರೆ.

1968ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ನಾಕ್ಸ್ ಮತ್ತು ಇಂಕ್‌ಸ್ಟರ್ ಎಂಬವರು, ಹಣ ಕಟ್ಟಲು ಸಾಲಿನಲ್ಲಿ ನಿಂತವರನ್ನೂ ಆಗಷ್ಟೇ ಕಟ್ಟಿ ಬಂದವರನ್ನೂ "ನಿಮ್ಮ ಕುದುರೆ ಗೆಲ್ಲುವ ಸಂಭವ ಎಷ್ಟು?" ಎಂದು ಕೇಳಿದರು. ಕಟ್ಟಿ ಬಂದವರ ಭರವಸೆ ಹೆಚ್ಚಾಗಿತ್ತು. ಆ ಅರೆನಿಮಿಷದಲ್ಲಿ ಕುದುರೆ ಬದಲಾಗಿರಲಿಲ್ಲ, ಓಟವೂ ನಡೆದಿರಲಿಲ್ಲ. ಹಣ ಕೈಬಿಟ್ಟ ಕೂಡಲೇ ಮನಸ್ಸು ತನ್ನ ತೀರ್ಮಾನವನ್ನು ಸಮರ್ಥಿಸಿಕೊಳ್ಳತೊಡಗಿತ್ತು, ಅಷ್ಟೆ.

1970ರ ದಶಕದ ಆರಂಭದಲ್ಲಿ ಪಾಲ್ ಸ್ಲೊವಿಕ್ ಎಂಬ ಮನಶ್ಶಾಸ್ತ್ರಜ್ಞ ನಡೆಸಿದ ಇನ್ನೊಂದು ಪ್ರಯೋಗ ಇನ್ನೂ ಸ್ವಾರಸ್ಯಕರ. ಓಟದ ಫಲಿತಾಂಶ ಊಹಿಸುವುದರಲ್ಲಿ ಪಳಗಿದ 8 ಮಂದಿಗೆ ಆತ ಕುದುರೆಗಳ ಬಗ್ಗೆ ಮೊದಲು 5 ಮಾಹಿತಿಗಳನ್ನು, ಆಮೇಲೆ 10, 20, 40 ಮಾಹಿತಿಗಳನ್ನು ಕೊಟ್ಟ. ಮಾಹಿತಿ ಹೆಚ್ಚಿದಂತೆ ಅವರ ಆತ್ಮವಿಶ್ವಾಸ ಏರುತ್ತ ಹೋಯಿತು. ಊಹೆ ಸರಿಯಾಗುವ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ರೇಸ್ ಪುಸ್ತಕವನ್ನು ಪರೀಕ್ಷೆಗೆ ಓದುವಂತೆ ಓದಿ "ನನಗೆ ಎಲ್ಲ ಗೊತ್ತು" ಎನ್ನುವವರು ಇದನ್ನು ನೆನಪಿಡಬೇಕು. ಹೆಚ್ಚು ಓದಿದ್ದರಿಂದ ಹೆಚ್ಚಿದ್ದು ಧೈರ್ಯವೇ ಹೊರತು ಜ್ಞಾನವಲ್ಲ ಎಂದಾಗಬಹುದು.

ದಿನದ ಕೊನೆಯ ಓಟಗಳಲ್ಲಿ ಜನ ಗೆಲ್ಲುವ ಸಂಭವ ಕಡಿಮೆ ಇರುವ, ಆದರೆ ಗೆದ್ದರೆ ಹೆಚ್ಚು ಹಣ ತರುವ ಕುದುರೆಗಳ ಕಡೆಗೆ ವಾಲುತ್ತಾರೆ ಎಂಬುದೂ ಹಿಂದಿನಿಂದ ಗಮನಿಸಲಾದ ಸಂಗತಿ. ಕಾರಣ ಊಹಿಸುವುದು ಕಷ್ಟವಲ್ಲ. ಬೆಳಗ್ಗಿನಿಂದ ಸೋತದ್ದನ್ನು ಒಂದೇ ಏಟಿಗೆ ಸರಿ ಮಾಡಿಕೊಂಡು ಮನೆಗೆ ಹೋಗಬೇಕೆಂಬ ಆಸೆ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ವಿದ್ವಾಂಸರು 1979ರಲ್ಲಿ ತೋರಿಸಿದಂತೆ, ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಕಳೆದ ದುಃಖ ಮನುಷ್ಯನಿಗೆ ಹೆಚ್ಚು. ಆ ದುಃಖವನ್ನು ಒಪ್ಪಿಕೊಳ್ಳಲಾರದೆ ಆತ ಇನ್ನೂ ದೊಡ್ಡ ಅಪಾಯಕ್ಕೆ ಕೈ ಹಾಕುತ್ತಾನೆ. ಮೇಲೆ ಹೇಳಿದ ಐದನೇ ನಿಯಮ ಮುರಿಯುವುದು ಇಲ್ಲಿಯೇ.

ಕೂದಲೆಳೆಯ ಸೋಲು ಇನ್ನೊಂದು ಬಲೆ. ತಾನು ಹಣ ಕಟ್ಟಿದ ಕುದುರೆ ಮೂಗಿನಷ್ಟು ಅಂತರದಲ್ಲಿ ಎರಡನೆಯದಾದರೆ "ಇನ್ನೇನು ಗೆದ್ದೇಬಿಟ್ಟಿದ್ದೆ" ಅನ್ನಿಸುತ್ತದೆ. ಜೇಬಿನ ಮಟ್ಟಿಗೆ ಅದು ಕೊನೆಯದಾಗಿ ಬಂದ ಕುದುರೆಗೂ ಸಮ. ಆದರೆ ಮನಸ್ಸು ಅದನ್ನು ಗೆಲುವಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತದೆ.

ಮಿದುಳಿನಲ್ಲಿ ಏನಾಗುತ್ತದೆ?

ನಮ್ಮ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ. ಹಸಿದಾಗ ಊಟ, ಪ್ರೀತಿಪಾತ್ರರ ಸಹವಾಸ ಮುಂತಾದವು ನಮ್ಮನ್ನು ಸೆಳೆಯುವುದರಲ್ಲಿ ಇದರ ಪಾತ್ರ ದೊಡ್ಡದು. ವೊಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳಿಗೆ ಹಣ್ಣಿನ ರಸ ಕೊಟ್ಟು ನಡೆಸಿದ ಪ್ರಯೋಗಗಳಿಂದ ಒಂದು ಮುಖ್ಯ ಸಂಗತಿ ತಿಳಿಯಿತು. ಖಚಿತವಾಗಿ ಸಿಗುವ ಬಹುಮಾನಕ್ಕೆ ಈ ಜೀವಕೋಶಗಳು ಕ್ರಮೇಣ ಸುಮ್ಮನಾಗುತ್ತವೆ. ನಿರೀಕ್ಷೆಯಿಲ್ಲದೆ ಸಿಕ್ಕ ಬಹುಮಾನಕ್ಕೆ ಬಲವಾಗಿ ಸ್ಪಂದಿಸುತ್ತವೆ. ಸಿಗುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಯೇ ಅವುಗಳನ್ನು ಎಚ್ಚರವಾಗಿಡುತ್ತದೆ. ತಿಂಗಳ ಸಂಬಳ ಕೈಗೆ ಬಂದಾಗ ಆಗದ ರೋಮಾಂಚನ, ಅದರ ಹತ್ತರಲ್ಲೊಂದು ಪಾಲು ರೇಸಿನಲ್ಲಿ ಬಂದಾಗ ಆಗುವುದು ಇದರಿಂದಲೇ. ಪದೇ ಪದೇ ಇದೇ ನಡೆದಾಗ, ಕೆಲವರ ಮಿದುಳು ಮದ್ಯಕ್ಕೆ ಅಂಟಿಕೊಳ್ಳುವಂತೆಯೇ ಆಟಕ್ಕೂ ಅಂಟಿಕೊಳ್ಳುತ್ತದೆ.

ಇದಕ್ಕೆ ಔಷಧಶಾಸ್ತ್ರದಲ್ಲೂ ಸಾಕ್ಷಿ ಇದೆ. ಪಾರ್ಕಿನ್ಸನ್ ಕಾಯಿಲೆಗೆ (ನಡುಕದ ವಾತ) ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಔಷಧಗಳು ಡೋಪಮಿನ್‌ನಂತೆಯೇ ಕೆಲಸ ಮಾಡುತ್ತವೆ. ಇವನ್ನು ಸೇವಿಸುವ ಕೆಲವರಲ್ಲಿ, ಜೀವಮಾನವಿಡೀ ಇಸ್ಪೀಟು ಮುಟ್ಟದವರಲ್ಲಿ ಕೂಡ, ಹಠಾತ್ತನೆ ಜೂಜಿನ ಸೆಳೆತ ಹುಟ್ಟಿದ್ದು ದಾಖಲಾಗಿದೆ. ಕೆಲವು ಮನೋರೋಗಗಳಿಗೆ ಕೊಡುವ ಅರಿಪಿಪ್ರಜೋಲ್ ಎಂಬ ಔಷಧದ ವಿಷಯದಲ್ಲೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಇದೇ ಎಚ್ಚರಿಕೆ ಕೊಟ್ಟಿತು. ನಿಮ್ಮ ಮನೆಯ ಹಿರಿಯರು ಇಂಥ ಔಷಧ ಆರಂಭಿಸಿದ ಮೇಲೆ ಲಾಟರಿ, ಜೂಜು, ಅತಿಯಾದ ಖರೀದಿ ಇವುಗಳತ್ತ ತಿರುಗಿದ್ದರೆ ವೈದ್ಯರಿಗೆ ತಿಳಿಸಿ. ಔಷಧವನ್ನು ನೀವೇ ನಿಲ್ಲಿಸಬೇಡಿ; ವೈದ್ಯರು ಪ್ರಮಾಣ ಬದಲಿಸುತ್ತಾರೆ ಅಥವಾ ಬೇರೆ ಔಷಧ ಕೊಡುತ್ತಾರೆ.

ಒಂದು ಉದಾಹರಣೆ

ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬ ರೋಗಿಯ ವಿಷಯ ಹೇಳುತ್ತೇನೆ. ಐವತ್ತರ ಆಸುಪಾಸಿನ ಅವರು ದೊಡ್ಡ ಊರಿನ ಹೋಟೆಲಿನಲ್ಲಿ ಬಹುಕಾಲ ಕ್ಯಾಷಿಯರ್ ಆಗಿದ್ದು ಊರಿಗೆ ಮರಳಿದವರು. ಮಾತು ಮೃದು, ಲೆಕ್ಕದಲ್ಲಿ ಚುರುಕು. ನಿದ್ರೆಯ ಮಾತ್ರೆ ಬೇಕೆಂದು ಬಂದಿದ್ದರು. ಜೊತೆಗೆ ಬಂದ ಹೆಂಡತಿ, "ರಾತ್ರಿ ಇಡೀ ಮೊಬೈಲು ನೋಡ್ತಾರೆ ಡಾಕ್ಟ್ರೇ, ಕೇಳಿದರೆ ಕೋಪ. ಮಗಳ ಫೀಸು ಕಟ್ಟಿದ್ದೇನೆ ಅಂದಿದ್ದರು, ಕಾಲೇಜಿನಿಂದ ನೋಟಿಸು ಬಂತು" ಎಂದರು.

ಅವರು ತಮ್ಮ ಶಿಸ್ತಿನ ಬಗ್ಗೆ ಹದಿನೈದು ನಿಮಿಷ ಹೇಳಿದರು. ಯಾವ ಓಟಕ್ಕೆ ಎಷ್ಟು, ಯಾವ ಜಾಕಿ ಯಾವ ದೂರಕ್ಕೆ ಒಳ್ಳೆಯವನು, ಎಲ್ಲವೂ ಬಾಯಿಪಾಠ. ಮುಗಿದ ಮೇಲೆ ನಾನು ಕೇಳಿದ್ದು ಒಂದೇ: "ಲೆಕ್ಕದ ಪುಸ್ತಕ ಇದೆಯೆ?" ಮೂವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಪ್ರತಿ ಸಂಜೆ ಪೈಸೆ ಪೈಸೆ ತಾಳೆ ಹಾಕಿದ ಮನುಷ್ಯ ಅವರು. ತಮ್ಮ ಸ್ವಂತ ಸೋಲಿನ ಲೆಕ್ಕ ಮಾತ್ರ ಒಂದು ಸಾಲೂ ಬರೆದಿರಲಿಲ್ಲ. ಗೆದ್ದ ದಿನಗಳ ತಾರೀಕು ಸಹಿತ ನೆನಪಿತ್ತು.

ಮುಂದಿನ ಸಲ ಬರುವಾಗ ಬ್ಯಾಂಕಿನ ಪಾಸ್‌ಬುಕ್ ನೋಡಿ ಗಂಡ ಹೆಂಡತಿ ಇಬ್ಬರೂ ಕುಳಿತು ಬರೆದ ಎರಡು ವರ್ಷದ ಲೆಕ್ಕ ತಂದಿದ್ದರು. ಅವರು ಅದನ್ನು ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತರು. ನಾನು ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸಿದೆ. ಚಿಕಿತ್ಸೆ ನಡೆಯುತ್ತಿದೆ, ಒಮ್ಮೆ ಜಾರಿದ್ದೂ ಉಂಟು. ಆದರೆ ಈಗ ಹೆಂಡತಿಗೆ ಸುಳ್ಳು ಹೇಳುವುದಿಲ್ಲ, ರಾತ್ರಿ ನಿದ್ರೆ ಬರುತ್ತದೆ.

ಪುಸ್ತಕ ಇಲ್ಲದ ಶಿಸ್ತು ಶಿಸ್ತಲ್ಲ ಎಂಬುದನ್ನು ಈ ಉದಾಹರಣೆಯಿಂದ ತಿಳಿಯಬಹುದು. ನೀವು ಶಿಸ್ತಿನಿಂದಲೇ ಆಡುತ್ತೀರಿ ಎಂದಾದರೆ ಕಳೆದ ಹನ್ನೆರಡು ತಿಂಗಳ ಲೆಕ್ಕವನ್ನು ಇಂದೇ ಬರೆಯಿರಿ, ಬರೆದದ್ದನ್ನು ಮನೆಯವರಿಗೆ ತೋರಿಸಿ. ಬರೆಯಲು ಕೈ ಬಾರದಿದ್ದರೆ, ತೋರಿಸಲು ಮನಸ್ಸು ಒಪ್ಪದಿದ್ದರೆ, ಅದೇ ಒಂದು ರೋಗಲಕ್ಷಣ.

ಯಾವಾಗ ಅದು ಕಾಯಿಲೆ?

ಜೂಜಿನ ಚಟವನ್ನು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲೇ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಅದನ್ನು ಮದ್ಯ ಮತ್ತು ಮಾದಕ ವಸ್ತುಗಳ ಚಟದ ಗುಂಪಿಗೆ ಸೇರಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಕಾಯಿಲೆಯೆಂದೇ ಪರಿಗಣಿಸುತ್ತದೆ. ಕೆಳಗಿನ ಒಂಬತ್ತು ಲಕ್ಷಣಗಳಲ್ಲಿ ನಾಲ್ಕು ಅಥವಾ ಹೆಚ್ಚು ಒಂದು ವರ್ಷದ ಅವಧಿಯಲ್ಲಿ ಕಂಡುಬಂದರೆ ತಜ್ಞರ ನೆರವು ಅಗತ್ಯ.

1) ಅದೇ ರೋಮಾಂಚನಕ್ಕೆ ದಿನದಿಂದ ದಿನಕ್ಕೆ ಹೆಚ್ಚು ಹಣ ಬೇಕಾಗುವುದು.
2) ಆಟ ಕಡಿಮೆ ಮಾಡಲು ಹೊರಟಾಗ ಚಡಪಡಿಕೆ, ಸಿಡುಕು.
3) ಬಿಡಬೇಕೆಂದು ಪದೇ ಪದೇ ಪ್ರಯತ್ನಿಸಿ ಸೋಲುವುದು.
4) ಸದಾ ಅದೇ ಯೋಚನೆ: ಹಿಂದಿನ ಆಟ, ಮುಂದಿನ ಆಟ, ಹಣ ಹೊಂದಿಸುವ ಉಪಾಯ.
5) ಬೇಸರ, ದುಃಖ, ಆತಂಕ ಆದಾಗ ಆಟದ ಕಡೆಗೆ ಓಡುವುದು.
6) ಸೋತ ಹಣ ಮರಳಿ ಪಡೆಯಲು ಮತ್ತೆ ಆಡುವುದು.
7) ಆಡಿದ ಪ್ರಮಾಣವನ್ನು ಮುಚ್ಚಿಡಲು ಸುಳ್ಳು ಹೇಳುವುದು.
8) ಸಂಬಂಧ, ಉದ್ಯೋಗ ಅಥವಾ ಓದಿಗೆ ಕುತ್ತು ಬರುವುದು.
9) ಆಟದಿಂದಾದ ಸಾಲ ತೀರಿಸಲು ಇತರರ ಹಣವನ್ನು ಆಶ್ರಯಿಸುವುದು.

ಇಷ್ಟನ್ನು ನೆನಪಿಡುವುದು ಕಷ್ಟವಾದರೆ ಎರಡೇ ಪ್ರಶ್ನೆ ಸಾಕು. ಹೆಚ್ಚು ಹೆಚ್ಚು ಹಣ ಕಟ್ಟಬೇಕು ಎಂದು ಎಂದಾದರೂ ಅನ್ನಿಸಿದೆಯೆ? ಎಷ್ಟು ಆಡುತ್ತೀರಿ ಎಂಬ ಬಗ್ಗೆ ನಿಮಗೆ ಬೇಕಾದವರಿಗೆ ಎಂದಾದರೂ ಸುಳ್ಳು ಹೇಳಬೇಕಾಗಿ ಬಂದಿದೆಯೆ? ಎರಡರಲ್ಲಿ ಒಂದಕ್ಕೆ ಉತ್ತರ 'ಹೌದು' ಎಂದಾದರೂ ವೈದ್ಯರೊಡನೆ ಮಾತನಾಡುವುದು ಒಳ್ಳೆಯದು.

ಈ ಲಕ್ಷಣಗಳನ್ನೂ ಮೊದಲು ಹೇಳಿದ ಶಿಸ್ತಿನ ಐದು ನಿಯಮಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಾಯಿಲೆ ಮೊದಲು ತಿನ್ನುವುದು ಆ ನಿಯಮಗಳನ್ನೇ. ಆದ್ದರಿಂದ "ಇನ್ನು ಮುಂದೆ ಶಿಸ್ತಿನಿಂದ ಆಡುತ್ತೇನೆ" ಎಂಬ ಮಾತು ಚಟ ಅಂಟಿದವನ ಮಟ್ಟಿಗೆ ಪರಿಹಾರವಲ್ಲ. ಕಾಲು ಮುರಿದವನಿಗೆ ಸರಿಯಾಗಿ ನಡೆ ಎಂದು ಉಪದೇಶಿಸಿದಂತೆ ಅದು. ಧರ್ಮರಾಯನಿಗಿಂತ ಸಂಯಮಿ ಮಹಾಭಾರತದಲ್ಲಿ ಯಾರಿದ್ದಾರೆ? ಆತ ಎಲ್ಲವನ್ನೂ ಸೋತು, ಮರಳಿ ಪಡೆದು, ಮನೆಗೆ ಹೊರಟವನು ಕರೆ ಬಂದೊಡನೆ ಎರಡನೆಯ ಸಲವೂ ಆಡಲು ಹೋದ. ಚಟದ ಮರುಕಳಿಕೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ.

ಮನೆಯವರು ಏನು ಮಾಡಬೇಕು?

ಮೊದಲನೆಯದಾಗಿ, ಬೈಯುವುದರಿಂದ, ಅತ್ತು ಆಣೆ ಮಾಡಿಸುವುದರಿಂದ ಪ್ರಯೋಜನವಿಲ್ಲ. ಆಣೆ ಮುರಿದಾಗ ನಾಚಿಕೆ ಹೆಚ್ಚುತ್ತದೆ, ನಾಚಿಕೆ ಹೆಚ್ಚಿದಷ್ಟೂ ಸುಳ್ಳು ಹೆಚ್ಚುತ್ತದೆ.

ಎರಡನೆಯದಾಗಿ, ಹಣಕ್ಕೆ ಹೊರಗಿನಿಂದ ಬೇಲಿ ಹಾಕಿ. ಆತನ ಒಪ್ಪಿಗೆ ಪಡೆದು ಸಂಬಳ, ಎಟಿಎಂ ಕಾರ್ಡು, ಮೊಬೈಲಿನ ಪಾವತಿ ವ್ಯವಸ್ಥೆ ಇವುಗಳನ್ನು ಕೆಲವು ಕಾಲ ಇನ್ನೊಬ್ಬರು ನೋಡಿಕೊಳ್ಳಲಿ. ದಿನದ ಖರ್ಚಿಗಷ್ಟೇ ಕೈಯಲ್ಲಿರಲಿ. ಒಡವೆ, ಜಾಗದ ದಾಖಲೆಗಳು ಜೋಪಾನವಾಗಿರಲಿ.

ಮೂರನೆಯದಾಗಿ, ಚಿಕಿತ್ಸೆಗೆ ಒಪ್ಪದವನ ಸಾಲವನ್ನು ಗುಟ್ಟಾಗಿ ತೀರಿಸಬೇಡಿ. ತಾಯಿಯೋ ಅಕ್ಕನೋ ಬಳೆ ಅಡವಿಟ್ಟು ಸಾಲ ತೀರಿಸಿದರೆ ಆತನಿಗೆ ಅದು ಹೊಸ ಆಟಕ್ಕೆ ಸಿಕ್ಕ ಬಿಡುಗಡೆಯಂತೆ ಕಾಣುತ್ತದೆ. ಸಾಲದ ಪೂರ್ತಿ ಪಟ್ಟಿ ಮಾಡಿಸಿ, ತೀರಿಸುವ ಕ್ರಮವನ್ನೂ ಚಿಕಿತ್ಸೆಯನ್ನೂ ಒಟ್ಟಿಗೆ ಆರಂಭಿಸಿ.

ನಾಲ್ಕನೆಯದಾಗಿ, ಕಾನೂನಿನ ವಿಷಯ ತಿಳಿದಿರಲಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಕದ್ದುಮುಚ್ಚಿ ನಡೆಯುವ ಜಾಲಗಳಲ್ಲಿ ಹಣ ಕಳೆದುಕೊಂಡರೆ ಕೇಳುವವರಿಲ್ಲ.

ಐದನೆಯದಾಗಿ, ಬಹಳ ಮುಖ್ಯವಾಗಿ, ಜೀವದ ಬಗ್ಗೆ ಎಚ್ಚರವಿರಲಿ. ಸಾಲ ಬಯಲಾದ ಮರುದಿನಗಳು ಅಪಾಯದ ದಿನಗಳು. "ನಾನಿಲ್ಲದಿದ್ದರೆ ನಿಮಗೆಲ್ಲ ಸುಖ" ಎಂಬಂಥ ಮಾತು ಬಂದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ, ಆತನನ್ನು ಒಂಟಿಯಾಗಿ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸು ಹಗುರವಾಗುತ್ತದೆ. ಸರಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಚಿಕಿತ್ಸೆ ಇದೆಯೆ?

ಖಂಡಿತ ಇದೆ. ತಪ್ಪು ನಂಬಿಕೆಗಳನ್ನು ಗುರುತಿಸಿ ತಿದ್ದುವ, ಸೆಳೆತ ಬಂದಾಗ ಅದನ್ನು ದಾಟುವುದನ್ನು ಕಲಿಸುವ ಮಾತಿನ ಚಿಕಿತ್ಸೆಯೇ ಇದರಲ್ಲಿ ಪ್ರಧಾನ. ಕೆಲವರಿಗೆ ಮನೋವೈದ್ಯರು ನಾಲ್‌ಟ್ರೆಕ್ಸೋನ್ ಎಂಬ ಔಷಧ ಕೊಡುವುದುಂಟು. ಜೊತೆಗಿರುವ ಖಿನ್ನತೆ, ಮದ್ಯದ ಚಟ ಇವುಗಳಿಗೂ ಚಿಕಿತ್ಸೆ ಆಗಬೇಕು. ಮದ್ಯ ಒಳಗೆ ಹೋದ ಮೇಲೆ ಯಾವ ನಿಯಮವೂ ಉಳಿಯುವುದಿಲ್ಲ. ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇಲ್ಲೆಲ್ಲ ಮನೋವೈದ್ಯರನ್ನು ಕಾಣಬಹುದು. ಇದು ಹುಚ್ಚು ಎಂದು ಭಾವಿಸಿ ಹಿಂಜರಿಯುವ ಅಗತ್ಯವಿಲ್ಲ. ಮೊದಲು ನಿಮ್ಮ ಕುಟುಂಬದ ವೈದ್ಯರ ಬಳಿಯೇ ಹೇಳಿ; ದಾರಿ ತೋರಿಸುವುದು ಅವರ ಕೆಲಸ.

ಚಟವಿಲ್ಲದೆ, ವರ್ಷಕ್ಕೊಮ್ಮೆ ಡರ್ಬಿ ನೋಡಲು ಹೋಗಿ ಸಿನಿಮಾ ಟಿಕೆಟಿನಷ್ಟು ಹಣ ಕಟ್ಟಿ ಬರುವವರನ್ನು ಈ ಲೇಖನ ಹೆದರಿಸಲು ಹೊರಟಿಲ್ಲ. ಅವರಿಗೆ ಹೇಳುವುದಿಷ್ಟೆ. ಮನೆಯಿಂದ ಹೊರಡುವ ಮೊದಲೇ ಮೊತ್ತ ನಿಶ್ಚಯಿಸಿ, ಅದು ಹೋದ ಹಣವೆಂದೇ ತಿಳಿಯಿರಿ. ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋಗಿ. ಸಾಲ ತಂದು, ಕುಡಿದು, ಬೇಸರದಲ್ಲಿ ಎಂದೂ ಆಡಬೇಡಿ. ಬಂದ ಮೇಲೆ ಗೆಲುವನ್ನೂ ಸೋಲನ್ನೂ ಬರೆದಿಡಿ. ಸೋತರೆ ಆ ದಿನ ಅಲ್ಲಿಗೇ ಮುಗಿಯಲಿ.

ಇಷ್ಟು ನಿಯಮ ಪಾಲಿಸಲು ಆಗುತ್ತಿಲ್ಲ ಎಂದು ತಿಳಿದ ದಿನ ಇನ್ನೊಂದು ಓಟಕ್ಕಾಗಿ ಕಾಯಬೇಡಿ. ಮರುದಿನ ಬೆಳಗ್ಗೆ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ವೈದ್ಯರ ಬಳಿಗೆ ಹೋಗಿ.